ಜಿಯೋಫೆನ್ಸಿಂಗ್: ತಡೆಯದ ಬೇಲಿ

‘ನಮ್ಮ ಎಲ್ಲ ವ್ಯಾನ್‌ಗಳಿಗೂ ಜಿಯೋಫೆನ್ಸಿಂಗ್ ಇದೆ, ರೂಟ್ ಬಿಟ್ಟು ಆಚೆ ಹೋಗೋಕೆ ಸಾಧ್ಯವೇ ಇಲ್ಲ.’ ಶಾಲಾ ವಾಹನಗಳ ಜಾಹೀರಾತಿನಲ್ಲಿ, ಟ್ರಾನ್ಸ್‌ಪೋರ್ಟ್‌ನವರ ಮಾತಿನಲ್ಲಿ ಇದನ್ನು ಎಷ್ಟು ಸಲ ಕೇಳುವುದು? ಸಾಧ್ಯವಿದೆ. ಜಿಯೋಫೆನ್ಸ್ ಯಾವ ಗಾಡಿಯನ್ನೂ ತಡೆಯುವುದಿಲ್ಲ. ಮಕ್ಕಳನ್ನು ಕಳಿಸುವ ಅಪ್ಪ ಅಮ್ಮಂದಿರು ಈ ಮಾತು ನಂಬಿ ನಿಶ್ಚಿಂತರಾಗುತ್ತಾರೆ, ಅದಕ್ಕೇ ಇಷ್ಟು ಬೇಸರ.

ಟ್ರ್ಯಾಕಿಂಗ್ ಎನ್ನುವುದು ಗಾಡಿ ಎಲ್ಲಿದೆ ಎಂದು ಹೇಳುತ್ತದೆ. ಜಿಯೋಫೆನ್ಸ್ ಎಂದರೆ ಮ್ಯಾಪ್ ಮೇಲೆ ಎಳೆದ ಗೆರೆ. ಗೋಡೌನಿನ ಸುತ್ತ ಒಂದು ವೃತ್ತವಿರಬಹುದು, ಊರಿನ ಸುತ್ತ ಅಂಕುಡೊಂಕಾದ ಆಕಾರವಿರಬಹುದು. ಗಾಡಿಯಲ್ಲಿ ಕೂರಿಸಿದ ಜಿಪಿಎಸ್ ಡಿವೈಸಿನಿಂದ ಸ್ಥಳದ ಮಾಹಿತಿ ಬಂದಾಗಲೆಲ್ಲ ಅದು ಗೆರೆಯ ಒಳಗಿದೆಯೋ ಹೊರಗಿದೆಯೋ ಎಂದು ಸರ್ವರ್ ನೋಡುತ್ತದೆ. ಹಿಂದಿನ ಸಲ ಒಳಗಿದ್ದದ್ದು ಈಗ ಹೊರಗಿದ್ದರೆ ಒಂದು ಅಲರ್ಟ್ ಕಳಿಸುತ್ತದೆ. ಅಷ್ಟೇ. ಅಲರ್ಟ್ ನೋಡಿ ಡ್ರೈವರ್‌ಗೆ ಫೋನ್ ಮಾಡುವವರು ಯಾರೂ ಇಲ್ಲದಿದ್ದರೆ ಆ ಗೆರೆ ಇದ್ದೂ ಇಲ್ಲದಂತೆ.

ಇಂಜಿನ್ ಆಫ್ ಮಾಡುವ ರಿಲೇ ಎಂಬ ಸ್ವಿಚ್ ಬೇರೆಯೇ ಸಾಮಾನು. ಅದನ್ನು ಗೆರೆಗೆ ಜೋಡಿಸಿ, ದಾಟಿದ ಕೂಡಲೇ ಇಂಜಿನ್ ನಿಲ್ಲುವಂತೆ ಮಾಡಿಕೊಡಿ ಎಂದು ಕೇಳುವ ಮಾಲೀಕರಿದ್ದಾರೆ. ದಯವಿಟ್ಟು ಬೇಡ. ಓಡುತ್ತಿರುವ ಲಾರಿಯ ಇಂಜಿನ್ ನಿಂತರೆ ಪವರ್ ಸ್ಟೀರಿಂಗ್ ಬಿಗಿಯಾಗುತ್ತದೆ, ಹಿಂದೆ ಬರುವವನಿಗೆ ಸುಳಿವೂ ಸಿಗುವುದಿಲ್ಲ. ಗಾಡಿಯ ವರ್ತನೆಯನ್ನೇ ಬದಲಿಸುವ ಜಿಯೋಫೆನ್ಸ್ ಇಲ್ಲವೆಂದಲ್ಲ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಗುರುತಿಸಿದ ವಲಯದೊಳಗೆ ಬಸ್ಸಿನ ವೇಗ ತಾನಾಗಿ ಮಿತಿಗೊಳ್ಳುವ ವ್ಯವಸ್ಥೆ ಬಂತು. 2017ರ ಸ್ಟಾಕ್‌ಹೋಮ್ ಲಾರಿ ದಾಳಿಯ ನಂತರ ಅಲ್ಲಿನ ಸರ್ಕಾರ ಈ ದಾರಿಯನ್ನು ಇನ್ನಷ್ಟು ಹುಡುಕಿತು. ಆದರೆ ಅಲ್ಲಿ ವಾಹನ ತಯಾರಿಸಿದವರೇ ವೇಗವನ್ನು ಮೆಲ್ಲಗೆ ಇಳಿಸುತ್ತಾರೆ. ಹೊರಗಿನಿಂದ ತಂದು ಕೂರಿಸಿದ ಡಬ್ಬಿಯಿಂದ ಆಗುವ ಕೆಲಸವಲ್ಲ ಅದು.

ಗೆರೆ ಎಳೆಯುವುದರಲ್ಲೂ ಎಡವುವವರೇ ಹೆಚ್ಚು. ಗಂಟೆಗೆ 60 ಕಿ.ಮೀ. ವೇಗದ ಗಾಡಿ 10 ಸೆಕೆಂಡಿನಲ್ಲಿ ಸುಮಾರು 167 ಮೀಟರ್ ಹೋಗುತ್ತದೆ. ಡಿವೈಸ್ 10 ಸೆಕೆಂಡಿಗೊಮ್ಮೆ ಮಾಹಿತಿ ಕಳಿಸುವುದಾದರೆ, 50 ಮೀಟರ್ ತ್ರಿಜ್ಯದ ಬೇಲಿಯನ್ನು ಗಾಡಿ ಹೊಕ್ಕು ಹೊರಬಂದರೂ ಸರ್ವರ್‌ಗೆ ಗೊತ್ತಾಗದೇ ಹೋಗಬಹುದು. ಹಿಂದೆಮುಂದೆ ನೋಡದೆ ಗೆರೆಯನ್ನು ಕಾಂಪೌಂಡಿಗೆ ಅಂಟಿಸಿದರೆ ಇನ್ನೊಂದು ಕಾಟ. ಎತ್ತರದ ಕಟ್ಟಡಗಳ ನಡುವೆ ಜಿಪಿಎಸ್ ಸಿಗ್ನಲ್ ಗೋಡೆಗೆ ಬಡಿದು ಬರುವುದರಿಂದ ನಿಂತ ಲಾರಿಯೂ ಮ್ಯಾಪ್ ಮೇಲೆ ಅತ್ತಿತ್ತ ಜಿಗಿಯುತ್ತದೆ, ರಾತ್ರಿಯಿಡೀ ಅಲರ್ಟ್ ಬರುತ್ತದೆ. ನಾಲ್ಕು ದಿನ ಸಹಿಸಿದ ಮಾಲೀಕ ಅಲರ್ಟನ್ನೇ ಆಫ್ ಮಾಡುತ್ತಾನೆ. ಗೆರೆಯನ್ನು ಸ್ವಲ್ಪ ಆಚೆ ಎಳೆದು, ಸತತ ಎರಡು ಮೂರು ಸಲ ಹೊರಗೆ ಕಂಡರೆ ಮಾತ್ರ ಅಲರ್ಟ್ ಎಂದು ಹೊಂದಿಸಿದರೆ ಈ ಗೋಳು ಬಹುಪಾಲು ತಪ್ಪುತ್ತದೆ.

ಒಳ್ಳೆಯ ಬಳಕೆಗೆ ಬಂಡೀಪುರವನ್ನೇ ನೋಡಿ. 2009ರಿಂದ ಅಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಬಹಳಷ್ಟು ಜನ ಬೇಲಿಯನ್ನು ಚೆಕ್‌ಪೋಸ್ಟ್‌ನಲ್ಲೇ ಹಾಕುತ್ತಾರೆ. ಅಲ್ಲಿ ಅಲರ್ಟ್ ಬಂದು ಏನು ಪ್ರಯೋಜನ? ಗಾಡಿ ಆಗಲೇ ಗೇಟಿನ ಮುಂದೆ ನಿಂತಿರುತ್ತದೆ. ನಂಜನಗೂಡು ದಾಟಿ ಬೇಗೂರಿನ ಹತ್ತಿರ ಗೆರೆ ಎಳೆದು ಅದಕ್ಕೆ ಸಮಯದ ಷರತ್ತು ಸೇರಿಸಬೇಕು. ರಾತ್ರಿ ಎಂಟರ ಮೇಲೆ ಅಲ್ಲಿಗೆ ತಲುಪಿದ ಲಾರಿಯ ಡ್ರೈವರ್‌ಗೆ ‘ಇವತ್ತು ಗುಂಡ್ಲುಪೇಟೆಯಲ್ಲೇ ಉಳಿದುಕೊಳ್ಳಿ’ ಎಂದು ಹೇಳಿದರೆ, ಗೇಟು ಹಾಕುವ ಮೊದಲು ಮುಟ್ಟಬೇಕೆಂದು ಕಾಡಿನ ಅಂಚಿನಲ್ಲಿ ವೇಗವಾಗಿ ಓಡಿಸುವ ಒತ್ತಡವೇ ಇರುವುದಿಲ್ಲ. ಆನೆ, ಜಿಂಕೆಗಳಿಗೂ ಅದು ಕ್ಷೇಮ, ಡ್ರೈವರ್‌ಗೂ ಕ್ಷೇಮ.

ಎಐಎಸ್ 140 ಎಂಬ ಸರ್ಕಾರಿ ಮಾನದಂಡದ ಡಿವೈಸ್ ಇದ್ದರೆ ಜಿಯೋಫೆನ್ಸ್ ಇದ್ದಂತೆಯೇ ಎಂಬುದು ಇನ್ನೊಂದು ತಪ್ಪು ಕಲ್ಪನೆ. ಆ ನಿಯಮ ಕೇಳುವುದು ಸಾರ್ವಜನಿಕ ಪ್ರಯಾಣಿಕ ವಾಹನಗಳಲ್ಲಿ ಸ್ಥಳ ತಿಳಿಸುವ ಸಾಧನ ಮತ್ತು ತುರ್ತು ಬಟನ್. ಗೆರೆ ಎಳೆಯುವುದು, ಅದನ್ನು ಕಾಯುವುದು ಮನುಷ್ಯರೇ ಮಾಡಬೇಕಾದ ಕೆಲಸ.

ಶಿರಾಡಿಯಂಥ ಘಾಟಿಗಳಲ್ಲಿ ಮೊಬೈಲ್ ನೆಟ್‌ವರ್ಕ್ ಸಿಗದ ಜಾಗಗಳಿವೆ. ಅಲ್ಲಿ ಡಿವೈಸ್ ಮಾಹಿತಿಯನ್ನು ತನ್ನಲ್ಲೇ ಉಳಿಸಿಕೊಂಡು, ನೆಟ್‌ವರ್ಕ್ ಬಂದ ಮೇಲೆ ಒಟ್ಟಿಗೆ ಕಳಿಸುತ್ತದೆ. ಹಾಗಾಗಿ ಡ್ರೈವರ್‌ನನ್ನು ಗದರುವ ಮೊದಲು ಅಲರ್ಟ್ ಬಂದ ಹೊತ್ತನ್ನು ಬಿಟ್ಟು, ಗಾಡಿ ಗೆರೆ ದಾಟಿದ ಹೊತ್ತು ಯಾವುದೆಂದು ರಿಪೋರ್ಟಿನಲ್ಲಿ ನೋಡಿ.