‘ಲೈಕ್’ ಇದ್ದರೆ ಸಿಮಿಲಿ, ‘ಆ್ಯಂಡ್’ ಇದ್ದರೆ ಕಾಂಪೌಂಡ್: ಇಷ್ಟೇ ಸಾಕೇ?

ಪ್ರಶ್ನೆ: ಇಂಗ್ಲಿಷ್ ವ್ಯಾಕರಣದಲ್ಲಿ ‘ಲೈಕ್’, ‘ಆ್ಯಸ್’ ಬಂದರೆ ಸಿಮಿಲಿ (ಉಪಮೆ), ‘ಆ್ಯಂಡ್’ ಬಂದರೆ ಕಾಂಪೌಂಡ್ (ಸಂಯೋಜಿತ) ವಾಕ್ಯ ಎಂದು ನೆನಪಿಟ್ಟುಕೊಂಡಿದ್ದೇನೆ. ಆದರೂ ಉತ್ತರಗಳು ತಪ್ಪಾಗುತ್ತಿವೆ. ಏಕೆ?

ಉತ್ತರ: ನೀವು ಹಿಡಿದುಕೊಂಡಿರುವುದು ಬರಿಯ ಸುಳಿವನ್ನು. ಆ ಪದ ವಾಕ್ಯದಲ್ಲಿ ಏನು ಮಾಡುತ್ತಿದೆ ಎಂಬುದನ್ನು ನೋಡಬೇಕು.

‘ದ ಬಾಯ್ಸ್ ಆ್ಯಂಡ್ ದ ಗರ್ಲ್ಸ್ ರ್‍ಯಾನ್ ಔಟ್’ ಎಂಬುದು ಸಿಂಪಲ್ (ಸಾಮಾನ್ಯ) ವಾಕ್ಯ. ಇಲ್ಲಿ ‘ಆ್ಯಂಡ್’ ಜೋಡಿಸಿರುವುದು ಎರಡು ನಾಮಪದಗಳನ್ನು, ಕ್ರಿಯಾಪದ ಒಂದೇ. ‘ದ ಬೆಲ್ ರ್‍ಯಾಂಗ್ ಆ್ಯಂಡ್ ದ ಚಿಲ್ಡ್ರನ್ ರ್‍ಯಾನ್ ಔಟ್’ ಎಂದಾಗ ಗಂಟೆಗೊಂದು ಕ್ರಿಯಾಪದ, ಮಕ್ಕಳಿಗೊಂದು. ಎರಡೂ ಭಾಗಗಳು ಬೇರೆಬೇರೆಯಾಗಿ ನಿಲ್ಲಬಲ್ಲವು, ಹಾಗಾಗಿ ಕಾಂಪೌಂಡ್. ಅದನ್ನೇ ‘ವೆನ್ ದ ಬೆಲ್ ರ್‍ಯಾಂಗ್’ ಎಂದು ಆರಂಭಿಸಿದರೆ ಆ ಭಾಗ ಒಂಟಿಯಾಗಿ ನಿಲ್ಲದು. ವಾಕ್ಯ ಕಾಂಪ್ಲೆಕ್ಸ್ (ಮಿಶ್ರ) ಆಗುತ್ತದೆ. ‘ಹಿಯರಿಂಗ್ ದ ಬೆಲ್, ದ ಚಿಲ್ಡ್ರನ್ ರ್‍ಯಾನ್ ಔಟ್’ ಎಂದರೆ ಮತ್ತೆ ಸಿಂಪಲ್! ‘ಹಿಯರಿಂಗ್’ ಎಂಬುದು ನಮ್ಮ ‘ಕೇಳಿ’, ‘ನೋಡುತ್ತ’ಗಳಂತೆ ಅಪೂರ್ಣ ರೂಪ, ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ವಾಕ್ಯದ ಉದ್ದವನ್ನಂತೂ ನಂಬಲೇಬೇಡಿ. ‘ಐ ನೋ ಹೀ ಲೈಡ್’ ನಾಲ್ಕೇ ಪದಗಳ ಕಾಂಪ್ಲೆಕ್ಸ್ ವಾಕ್ಯ. ‘ದ್ಯಾಟ್’ ಅದರಲ್ಲಿ ಅಡಗಿ ಕುಳಿತಿದೆ. (ಒಬ್ಬನೇ ಕರ್ತೃವಿಗೆ ‘ಆ್ಯಂಡ್’ ಸೇರಿಸಿ ಎರಡು ಕ್ರಿಯಾಪದಗಳಿದ್ದರೆ ಕೆಲವು ಪುಸ್ತಕಗಳು ಸಿಂಪಲ್ ಎನ್ನುತ್ತವೆ, ಕೆಲವು ಕಾಂಪೌಂಡ್ ಎನ್ನುತ್ತವೆ. ಪರೀಕ್ಷೆಗೆ ನಿಮ್ಮ ಪಠ್ಯಪುಸ್ತಕದ ದಾರಿಯೇ ಕ್ಷೇಮ.)

ಅಲಂಕಾರದಲ್ಲೂ ಇದೇ ಕಥೆ. ‘ಐ ಲೈಕ್ ಮ್ಯೂಸಿಕ್’ನಲ್ಲಿ ‘ಲೈಕ್’ ಕ್ರಿಯಾಪದ. ‘ಆ್ಯಸ್ ಇಟ್ ವಾಸ್ ರೇನಿಂಗ್’ ಎಂಬಲ್ಲಿ ‘ಆ್ಯಸ್’ ಕಾರಣ ಹೇಳುತ್ತದೆ. ‘ಶೀ ಲುಕ್ಸ್ ಲೈಕ್ ಹರ್ ಸಿಸ್ಟರ್’ನಲ್ಲಿ ಹೋಲಿಕೆಯೇನೋ ಇದೆ, ಆದರೆ ಅಕ್ಕತಂಗಿಯರು ಹೋಲುವುದು ಸಹಜ ಸಂಗತಿ, ಅಲಂಕಾರವಲ್ಲ. ‘ಹೀ ಫಾಟ್ ಲೈಕ್ ಎ ಲಯನ್’ ಹಾಗಲ್ಲ. ಮನುಷ್ಯ, ಸಿಂಹ ಬೇರೆಬೇರೆ ಜಾತಿ; ಕೆಚ್ಚೊಂದೇ ಸಮಾನ, ಹಾಗಾಗಿ ಸಿಮಿಲಿ. ಕನ್ನಡ ತರಗತಿಯಲ್ಲಿ ಕಲಿತ ಉಪಮೇಯ, ಉಪಮಾನ, ಸಮಾನಧರ್ಮಗಳನ್ನು ಇಲ್ಲಿ ಹುಡುಕಿ, ಸಿಗುತ್ತವೆ. ‘ಹೀ ವಾಸ್ ಎ ಲಯನ್’ ಎಂದು ಅಭೇದವನ್ನೇ ಹೇಳಿದರೆ ಮೆಟಫರ್, ನಮ್ಮ ರೂಪಕ.

ಗುರುತಿನ ಪದವನ್ನೇ ನಂಬಿದವರ ಕಣ್ಣಿಗೆ ಬೀಳದ ಮೆಟಫರ್‌ಗಳೂ ಇವೆ. ‘ಹರ್ ವರ್ಡ್ಸ್ ಕಟ್ ಡೀಪ್’ನಲ್ಲಿ ‘ಲೈಕ್’ ಇಲ್ಲ, ‘ವಾಸ್’ ಕೂಡ ಇಲ್ಲ. ಕೊಯ್ಯುವುದು ಅಲಗಿನ ಕೆಲಸ, ಮಾತಿಗೆ ಅದು ಹೇಗೆ ಬಂತು ಎಂದು ಕೇಳಿಕೊಂಡರೆ ಮಾತ್ರ ಉತ್ತರ ಹೊಳೆಯುತ್ತದೆ.