ಸರ್ಕಾರದವರು ಪಕ್ಕದಲ್ಲೇ ನಿಂತಿದ್ದರೆ ಸಾಕ್ಷ್ಯಚಿತ್ರದಲ್ಲಿ ನಿಜ ಎಲ್ಲಿರುತ್ತೆ?

ಸಿಂಧನೂರಿನ ಓದುಗರೊಬ್ಬರ ಪ್ರಶ್ನೆ: "ಸಾಹೇಬ್ರು ಬರ್ತಾರಂದ್ರ ನಮ್ಮ ಹಾಸ್ಟೆಲಿನಾಗ ರಾತ್ರೋರಾತ್ರಿ ಹೊಸ ಬೆಡ್‌ಶೀಟ್ ಬರ್ತಾವ. ಉತ್ತರ ಕೊರಿಯಾದಂಥ ದೇಶದಾಗ ಅವ್ರು ತೋರಿಸಿದ್ದಷ್ಟೇ ಶೂಟ್ ಮಾಡಿದ್ರ ಅದು ಬರೇ ಪ್ರಚಾರ ಅಲ್ಲೇನ್ರಿ?"

ತೋರಿಸಿದ್ದಷ್ಟನ್ನೇ ತೆಗೆದರೆ ಪ್ರಚಾರವೇ, ಅನುಮಾನ ಬೇಡ. ಆದರೆ ಬೆಡ್‌ಶೀಟ್ ಹಾಸೋ ಕೈಗಳೂ ಕ್ಯಾಮೆರಾಕ್ಕೆ ಸಿಕ್ಕಿಬಿಟ್ಟರೆ?

ರಷ್ಯಾದ ನಿರ್ದೇಶಕ ವಿಟಾಲಿ ಮಾನ್ಸ್ಕಿ ಹಿಡಿದಿದ್ದು ಅದನ್ನೇ. ಉತ್ತರ ಕೊರಿಯಾದ ರಾಜಧಾನಿ ಪ್ಯೊಂಗ್ಯಾಂಗ್‌ನ ಎಂಟು ವರ್ಷದ ಹುಡುಗಿಯೊಬ್ಬಳ ಮನೆಯ ಬಗ್ಗೆ ಚಿತ್ರ ಮಾಡಲು ಅವರಿಗೆ ಅನುಮತಿ ಸಿಕ್ಕಿತ್ತು. ಸ್ಕ್ರಿಪ್ಟ್ ಮಾತ್ರ ಸರ್ಕಾರದ್ದು. ಅಪ್ಪ ಪತ್ರಕರ್ತ, ತೆರೆಯ ಮೇಲೆ ಗಾರ್ಮೆಂಟ್ ಫ್ಯಾಕ್ಟರಿಯ ಇಂಜಿನಿಯರ್! ತಂಡ ಒಂದು ಉಪಾಯ ಮಾಡಿತು. ಶಾಟ್ ಶುರುವಾಗೋ ಮುಂಚೆ, ಮುಗಿದ ಮೇಲೂ ಕ್ಯಾಮೆರಾ ಓಡುತ್ತಲೇ ಇತ್ತು. ಅಧಿಕಾರಿಗಳಿಗೆ ತೋರಿಸಿದ್ದು ಬೇರೆ, ಗುಟ್ಟಾಗಿ ಉಳಿಸಿಕೊಂಡಿದ್ದು ಬೇರೆ. 2015ರಲ್ಲಿ ‘ಅಂಡರ್ ದ ಸನ್’ ಬಂದಾಗ ಎಲ್ಲಾ ಬಯಲಾಯಿತು.

ಅದರಲ್ಲಿ ಊಟದ ದೃಶ್ಯವೊಂದಿದೆ. ಮೇಜಿನ ತುಂಬಾ ತಿನಿಸು. ಅಪ್ಪ-ಮಗಳು ಕಿಮ್ಚಿ (ಕೊರಿಯಾದವರ ಎಲೆಕೋಸಿನ ಉಪ್ಪಿನಕಾಯಿ) ಎಷ್ಟು ಒಳ್ಳೇದು ಅಂತ ಮಾತಾಡಬೇಕು. ಮಾತು ಮುಗಿಯುತ್ತಿದ್ದಂತೆ ಅಧಿಕಾರಿ ಒಳಗೆ ಬಂದು, ಇನ್ನೂ ಖುಷಿಯಾಗಿ ಹೇಳಿ ಅಂತ ತಿದ್ದುತ್ತಾರೆ. ಮತ್ತೆ ಅದೇ ಕಿಮ್ಚಿ, ಅದೇ ಮಾತು. ಇನ್ನೊಂದು ಕಡೆ, ಎದೆ ತುಂಬಾ ಪದಕ ಹಾಕಿಕೊಂಡ ಹಿರಿಯ ಯೋಧರೊಬ್ಬರು ಮಕ್ಕಳಿಗೆ ಯುದ್ಧದ ಕತೆ ಹೇಳುತ್ತಿದ್ದಾರೆ. ಒಬ್ಬ ಹುಡುಗಿಗೆ ತಡೆಯಲಾಗದ ನಿದ್ದೆ. ರೆಪ್ಪೆ ಮುಚ್ಚುತ್ತೆ, ಬೆಚ್ಚಿ ತೆರೀತಾಳೆ, ಮತ್ತೆ ಮುಚ್ಚುತ್ತೆ. ನಿದ್ದೆಗೆ ಯಾರು ಸ್ಕ್ರಿಪ್ಟ್ ಬರೀತಾರೆ ಹೇಳಿ?

ನಿಮ್ಮ ಹಾಸ್ಟೆಲ್ ಬೆಡ್‌ಶೀಟಿನ ಬಗ್ಗೆ ಸಂಜೆ ಒಗ್ಗರಣೆ-ಮಿರ್ಚಿ ತಿನ್ನುತ್ತಾ ನಗಬಹುದು. ಅಲ್ಲಿ ಹಾಗೆ ನಗುವಂತಿಲ್ಲ. ಅಂದರೆ ಆ ನಾಟಕವೇ ಅವರ ದಿನನಿತ್ಯದ ಬದುಕು. ಅದನ್ನು ತೋರಿಸೋದು ಸುಳ್ಳು ತೋರಿಸಿದಂತಲ್ಲ.

ಇಂಥ ಸರ್ಕಾರಗಳಿಗೆ ಸಣ್ಣ ಸಂಗತಿಯೇ ಜಾಸ್ತಿ ಚುಚ್ಚೋದು. ಇಟಲಿಯ ನಿರ್ದೇಶಕ ಆಂಟೋನಿಯೋನಿಯನ್ನು 1972ರಲ್ಲಿ ಸಾಕ್ಷ್ಯಚಿತ್ರ ಮಾಡೋಕೆ ಚೀನಾ ತಾನೇ ಕರೆಸಿಕೊಂಡಿತ್ತು. 1974ರಲ್ಲಿ ಅಲ್ಲಿನ ಪಕ್ಷದ ಪತ್ರಿಕೆ ಅವರ ಮೇಲೆ ಹರಿಹಾಯ್ದಾಗ, ನಾನ್‌ಜಿಂಗ್‌ನ ದೊಡ್ಡ ಸೇತುವೆಯ ಕೆಳಗೆ ಒಣಹಾಕಿದ್ದ ಪ್ಯಾಂಟ್ ತೋರಿಸಿದ್ದೂ ಒಂದು ಅಪರಾಧವಾಗಿತ್ತು.

ನನಗೆ ಕಸಿವಿಸಿ ಆಗೋದು ಬೇರೆ ವಿಷಯಕ್ಕೆ. ಮಾನ್ಸ್ಕಿ ವಾಪಸ್ ಹೋದರು, ಆ ಮನೆಯವರು ಅಲ್ಲೇ ಉಳಿದರು. ಅವರು ಒಪ್ಪಿದ್ದು ಈ ಚಿತ್ರಕ್ಕಲ್ಲ. ಕೊನೆಯಲ್ಲಿ ಹುಡುಗಿ ಅಳುತ್ತಾಳೆ. ಏನಾದರೂ ಒಳ್ಳೇದು ನೆನಪಿಸಿಕೋ ಅಂದರೆ ಗೊತ್ತಿಲ್ಲ ಅಂತಾಳೆ, ಪದ್ಯ ಹೇಳು ಅಂದರೆ ಪ್ರತಿಜ್ಞೆ ಒಪ್ಪಿಸುತ್ತಾಳೆ. ನಾನಾಗಿದ್ದರೆ ಆ ಶಾಟ್ ಬಿಟ್ಟುಬಿಡುತ್ತಿದ್ದೆನೇನೋ. ನಿದ್ದೆಯದ್ದನ್ನಂತೂ ಬಿಡುತ್ತಿರಲಿಲ್ಲ.