ಒಂದು ತೊಡೆಮೂಳೆ, ಒಂದು ದವಡೆ ಹಲ್ಲು

ಮಳೆಗಾಲದಲ್ಲಿ ನಮ್ಮ ಕಾರವಾರ, ಅಂಕೋಲಾ, ಗೋಕರ್ಣದ ಕಡೆ ದಡಕ್ಕೆ ಹೆಣ ಬಂದು ಬೀಳೋದು ಹೊಸದಲ್ಲ, ಕಾಳಿ ನದೀಲಿ ಕೊಚ್ಚಿ ಹೋದವ್ರೋ, ಗೋವಾ ಕಡೆಯಿಂದ ತೇಲಿ ಬಂದವ್ರೋ, ಬೋಟಿಂದ ಬಿದ್ದವ್ರೋ ಗೊತ್ತಾಗಲ್ಲ, ಮುಖ ಮೀನು ಏಡಿ ತಿಂದಿರ್ತಾವೆ, ಬೆರಳಿನ ಚರ್ಮ ಕಳಚಿ ಹೋಗಿರತ್ತೆ. ಪೊಲೀಸರು ಯುಡಿಆರ್, ಅಂದ್ರೆ ಅಸಹಜ ಸಾವಿನ ವರದಿ ಹಾಕ್ತಾರೆ, ಪೇಪರಲ್ಲಿ ನಾಲ್ಕು ಸಾಲು ಬರತ್ತೆ. ಆ ನಾಲ್ಕು ಸಾಲಲ್ಲಿ ಎತ್ತರ ತಪ್ಪಾಗಿದ್ರೆ, ಎಲ್ಲೋ ದಾರಿ ಕಾಯ್ತಾ ಇರೋ ಮನೆಯವ್ರು ಓದಿ, ಇದು ನಮ್ಮವರಲ್ಲ ಅಂತ ಪೇಪರ್ ಮಡಚಿ ಇಡ್ತಾರೆ. ನಂಗೆ ಸಂಕಟ ಆಗೋದು ಇಲ್ಲೇ.

ಡಿಎನ್‌ಎ ಇದೆಯಲ್ಲ ಅಂತೀರಿ. ಇದೆ. 2024ರ ಜುಲೈ 16ಕ್ಕೆ ಅಂಕೋಲಾ ಹತ್ರದ ಶಿರೂರಲ್ಲಿ ಗುಡ್ಡ ಕುಸಿದು ಒಂದು ಲಾರಿ ಗಂಗಾವಳಿ ನದಿ ಪಾಲಾಯ್ತು, ಅದನ್ನ ಎತ್ತಿದ್ದು ಸೆಪ್ಟೆಂಬರ್ 25ಕ್ಕೆ, 71 ದಿನ ಆದ್ಮೇಲೆ, ಒಳಗಿದ್ದವ್ರು ಯಾರು ಅಂತ ಖಚಿತ ಆಗಿದ್ದು ಡಿಎನ್‌ಎಯಿಂದಾನೇ. ಆದ್ರೆ ಅಲ್ಲಿ ಯಾರನ್ನ ಹುಡುಕ್ತಾ ಇದ್ದಾರೆ ಅಂತ ಮೊದಲೇ ಗೊತ್ತಿತ್ತು, ತಾಳೆ ನೋಡೋಕೆ ಮನೆಯವ್ರಿದ್ರು. ಹೆಸರೇ ಗೊತ್ತಿಲ್ಲದ ಹೆಣಕ್ಕೆ ಯಾರ ರಕ್ತ ತಂದು ತಾಳೆ ನೋಡ್ತೀರಿ? ಮೊದಲು ಕಾಣೆಯಾದವ್ರ ಪಟ್ಟಿ ಸಣ್ಣದಾಗಬೇಕು. ದುಡ್ಡು ಕಮ್ಮಿ ಇರೋ ದೇಶಗಳಲ್ಲಿ ಆ ಕೆಲಸ ಅಗ್ಗದ ಸಾಮಾನಿಂದಾನೇ ಆಗಬೇಕು: ಎಲುಬು ಅಳೆದು ಎತ್ತರ, ಹಲ್ಲಿನ ಕೋಶ ನೋಡಿ ಹೆಣ್ಣೋ ಗಂಡೋ ಅಂತ.

ತೊಡೆಮೂಳೆ ತಗೊಳ್ಳಿ. ಮನುಷ್ಯನ ಎತ್ತರದಲ್ಲಿ ಅದು ಕಾಲುಭಾಗಕ್ಕಿಂತ ಸ್ವಲ್ಪ ಜಾಸ್ತಿ. 1952ರಲ್ಲಿ ಅಮೆರಿಕದ ಟ್ರಾಟರ್ ಮತ್ತು ಗ್ಲೇಸರ್ ಕೊಟ್ಟ ಸೂತ್ರದ ಪ್ರಕಾರ, ಅಲ್ಲಿನ ಬಿಳಿಯ ಗಂಡಸಾದ್ರೆ ಮೂಳೆಯ ಉದ್ದವನ್ನ 2.38ರಿಂದ ಗುಣಿಸಿ 61.41 ಕೂಡಿಸಬೇಕು, ಹೆಂಗಸಾದ್ರೆ 2.47ರಿಂದ ಗುಣಿಸಿ 54.10 ಕೂಡಿಸಬೇಕು. ಒಂದೇ 44 ಸೆಂಟಿಮೀಟರ್ ಮೂಳೆಗೆ ಗಂಡಸು ಅಂದ್ಕೊಂಡ್ರೆ 166 ಸೆಂಟಿಮೀಟರ್ ಎತ್ತರ ಬರತ್ತೆ, ಹೆಂಗಸು ಅಂದ್ಕೊಂಡ್ರೆ 163ರ ಹತ್ರ. ಅಂದ್ರೆ ಹೆಣ್ಣೋ ಗಂಡೋ ಗೊತ್ತಿಲ್ದೆ ಯಾವ ಸೂತ್ರ ಹಿಡೀಬೇಕು ಅನ್ನೋದೇ ಗೊತ್ತಾಗಲ್ಲ. ಸೊಂಟದ ಮೂಳೆ ಸರಿಯಾಗಿ ಸಿಕ್ಕಿದ್ರೆ ನೋಡಿದ್ರೇ ಹೇಳಬಹುದು, ಬಂಡೆಗೆ ಹೊಡೆದು ಪುಡಿಯಾಗಿದ್ರೆ? ಇನ್ನು ಚಿಕ್ಕ ಮಕ್ಕಳ ಎಲುಬಲ್ಲಿ ಆ ವ್ಯತ್ಯಾಸ ಇನ್ನೂ ಮೂಡಿರೋದೇ ಇಲ್ಲ.

ಇಲ್ಲಿ ಜೀವಕೋಶ ಕೈ ಹಿಡಿಯತ್ತೆ. ಗಂಡಸರ ಜೀವಕೋಶದಲ್ಲಿ ಸಾಮಾನ್ಯವಾಗಿ ಒಂದು ಎಕ್ಸ್, ಒಂದು ವೈ ಕ್ರೋಮೋಸೋಮ್ ಇರತ್ತೆ, ಹೆಂಗಸರಲ್ಲಿ ಎರಡು ಎಕ್ಸ್, ಅದರಲ್ಲಿ ಒಂದು ಕೆಲಸ ನಿಲ್ಸಿ ಮುದುಡಿಕೊಂಡು ಕೋಶಕೇಂದ್ರದ ಅಂಚಿಗೆ ಅಂಟಿ ಕೂತಿರತ್ತೆ, ಬಣ್ಣ ಹಾಕಿದ್ರೆ ಕಪ್ಪು ಚುಕ್ಕೆ ಥರ ಕಾಣತ್ತೆ. ಕೆನಡಾದ ಮರ್ರಿ ಬಾರ್ ಮತ್ತು ಬರ್ಟ್ರಾಮ್ 1949ರಲ್ಲಿ ಬೆಕ್ಕಿನ ನರಕೋಶ ನೋಡ್ತಾ ಇದ್ದಾಗ ಹೆಣ್ಣುಬೆಕ್ಕುಗಳಲ್ಲಿ ಇದನ್ನ ಕಂಡ್ರು, ಅದಕ್ಕೇ ಬಾರ್ ಬಾಡಿ ಅಂತ ಹೆಸರು. ಅದು ಯಾಕೆ ಹಂಗಿದೆ ಅಂತ 1961ರಲ್ಲಿ ವಿವರಿಸಿದ್ದು ಮೇರಿ ಲಯನ್. ನಮ್ಮ ಉಪ್ಪುನೀರಲ್ಲಿ, ಸೆಕೆಯಲ್ಲಿ ಕೆನ್ನೆ ಒಳಗಿನ ಕೋಶ ಬೇಗ ಕೊಳೆತು ಹೋಗತ್ತೆ, ಆದ್ರೆ ದವಡೆ ಹಲ್ಲಿನ ತಿರುಳು ಗಟ್ಟಿ ಕವಚದ ಒಳಗಿರೋದ್ರಿಂದ ಜಾಸ್ತಿ ದಿನ ತಡೆಯತ್ತೆ. ಹಲ್ಲು ಸೀಳಿ, ತಿರುಳು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, 100 ಕೋಶದಲ್ಲಿ ಎಷ್ಟರಲ್ಲಿ ಈ ಚುಕ್ಕೆ ಇದೆ ಅಂತ ಎಣಿಸೋದು, ಅಷ್ಟೇ. ಗರ್ಭಕಂಠದ ಕ್ಯಾನ್ಸರ್ ನೋಡೋಕೆ ಬಳಸೋ ಪ್ಯಾಪ್ ಬಣ್ಣಾನೇ ಇದಕ್ಕೂ ನಡೆಯತ್ತೆ!

ತಪ್ಪಾಗಲ್ಲ ಅಂತಲ್ಲ. ಎಕ್ಸ್‌ಎಕ್ಸ್‌ವೈ ಇರೋ ಗಂಡಸರಲ್ಲೂ ಈ ಚುಕ್ಕೆ ಇರತ್ತೆ, ಒಂದೇ ಎಕ್ಸ್ ಇರೋ ಹೆಂಗಸರಲ್ಲಿ ಇರಲ್ಲ, ತುಂಬಾ ಕೊಳೆತಿದ್ರೆ ಕಾಣೋದೂ ಇಲ್ಲ. ಅದಕ್ಕೇ ಹೆಣ್ಣೋ ಗಂಡೋ ಅನ್ನೋದಕ್ಕೆ ಎಲುಬು ಒಂದು ಮಾತು, ಕೋಶ ಒಂದು ಮಾತು, ಎರಡೂ ಒಂದೇ ಹೇಳಿದ್ರೆ ಧೈರ್ಯವಾಗಿ ಬರೀಬಹುದು, ಬೇರೆ ಬೇರೆ ಹೇಳಿದ್ರೆ ಆವಾಗ ಡಿಎನ್‌ಎಗೆ ಕಳಿಸೋಕೆ ಸರಿಯಾದ ಕಾರಣ ಸಿಕ್ಕಿತು.

ಸೂತ್ರ ಮಾತ್ರ ನಮ್ಮದೇ ಬೇಕು. 1924ರಲ್ಲೇ ಪಾನ್ ಅನ್ನೋರು ಬಂಗಾಳ, ಬಿಹಾರ, ಒಡಿಶಾ ಕಡೆಯ ಮೂಳೆ ಅಳೆದು ಲೆಕ್ಕ ಕೊಟ್ಟಿದ್ರು, ಅದನ್ನೂ ಇಲ್ಲಿಗೆ ಹಂಗೇ ತಂದು ಹಾಕೋಕೆ ಬರಲ್ಲ. ಖಾರ್ವಿ, ಹಾಲಕ್ಕಿ, ಸಿದ್ದಿ, ಹವ್ಯಕ, ಇಷ್ಟು ಬೇರೆ ಬೇರೆ ಸಮುದಾಯದ ಜನ ಇರೋ ಜಿಲ್ಲೆ ನಮ್ಮದು, ಒಪ್ಪಿಗೆ ಕೊಟ್ಟವರ ಎತ್ತರ, ಮೊಣಕಾಲಿಂದ ಹಿಮ್ಮಡಿ ತನಕದ ಉದ್ದ, ಪಾದ ಎಲ್ಲ ಟೇಪು ಹಿಡಿದು ಅಳೆದ್ರೆ ಶುರು ಮಾಡಬಹುದು. ಮೂಳೆ ಅಳೆಯೋ ಹಲಗೆ ಅಂದ್ರೂ ಒಂದು ಸ್ಕೇಲು, ಒಂದು ನಿಂತ ಪಟ್ಟಿ, ಒಂದು ಜಾರೋ ಪಟ್ಟಿ, ಶಿರಸಿಯ ಯಾವ ಬಡಗಿಗೆ ಹೇಳಿದ್ರೂ ಸಾಗುವಾನಿಯಲ್ಲಿ ಮಾಡಿಕೊಡ್ತಾನೆ.